ಮೂವತ್ತು ಸಂಪುಟಗಳ ಸಾಲಗಾರ

ಕಳೆದ ವರ್ಷ ಗಣಪತಿ ಹಬ್ಬಕ್ಕೆ ಒಂದು ವಾರ ಇರುವಾಗ ನನ್ನ ಮುಂದೆ ಒಂದು ಎಕ್ಸೆಲ್ ಶೀಟ್ ತೆರೆದುಕೊಂಡು ಕೂತಿತ್ತು. ಯುರೋಪಿನ ಎರಡು ವಿಶ್ವವಿದ್ಯಾಲಯಗಳು, ಒಂದು ಸಂಶೋಧನಾ ಸಂಸ್ಥೆ, ನಮ್ಮ ಕಂಪನಿ ಸೇರಿ ಮೂರು ವರ್ಷ ನಡೆಸಿದ ಪ್ರಾಜೆಕ್ಟೊಂದರ ವರದಿ ಪ್ರಕಟವಾಗುವುದಿತ್ತು. ನಮ್ಮ ಕಡೆಯಿಂದ ಯಾರ್‍ಯಾರ ಹೆಸರು ಹಾಕಬೇಕು ಎಂಬ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂದಿತ್ತು. ಆರು ತಿಂಗಳು ಬಿಸಿಲಲ್ಲಿ ಅಲೆದು ಸೆನ್ಸರ್‌ಗಳನ್ನು ಕೂರಿಸಿ, ಅಳತೆ ಸರಿಪಡಿಸಿ ಬಂದಿದ್ದ ಹುಡುಗನೊಬ್ಬ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಬಿಟ್ಟುಹೋದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮೇಲಿನಿಂದ ಸೂಚನೆ ಬಂತು. ಆ ಸಾಲನ್ನು ಆಯ್ಕೆ ಮಾಡಿ ಡಿಲೀಟ್ ಒತ್ತಿದೆ. ಒತ್ತಿದ್ದು ನಾನೇ.

ಇದರಲ್ಲಿ ಇನ್ನೊಂದು ವಿಷಯವಿದೆ. ಎಂ.ಟೆಕ್. ಮಾಡುವಾಗ ನಾನು ಒಂದೂವರೆ ವರ್ಷ ಕೂತು ಬರೆದ ಕೋಡ್ ಒಂದು ಪ್ರಬಂಧದಲ್ಲಿ ಬಂದು, ನನ್ನ ಹೆಸರು ಅದರಲ್ಲಿ ಬಾರದೆ, ಹಾಸ್ಟೆಲ್ ರೂಮಿನಲ್ಲಿ ಎರಡು ದಿನ ಊಟ ಸೇರದೆ ಬಿದ್ದುಕೊಂಡಿದ್ದವನು ನಾನು. ಸಾಗರದಲ್ಲಿರುವ ಅಮ್ಮನಿಗೆ ಏನಾಯಿತೆಂದು ಇಂದಿಗೂ ಹೇಳಿಲ್ಲ. ಅಂಥವನು ಡಿಲೀಟ್ ಒತ್ತಿದೆ.

ಆ ರಾತ್ರಿ ನಿದ್ದೆ ಬಾರದೆ, ಇಂಥ ಬಹುದೇಶಗಳ, ಬಹುಶಾಸ್ತ್ರಗಳ ಪ್ರಕಟಣೆಗಳನ್ನು ಹಿಂದಿನವರು ಹೇಗೆ ಮಾಡುತ್ತಿದ್ದರು ಎಂದು ಹುಡುಕುತ್ತ ಹೋದೆ. ಇಂಟರ್ನೆಟ್ಟಿನಲ್ಲಿ ಹಳೆಯ ಫ್ರೆಂಚ್ ಪುಸ್ತಕಗಳ ಮುಖಪುಟಗಳ ಸ್ಕ್ಯಾನ್ ಸಿಕ್ಕವು. ಸಸ್ಯಶಾಸ್ತ್ರ, ಖಗೋಳ, ಪ್ರಾಣಿಶಾಸ್ತ್ರ, ಭೂಪಟ, ಜನಸಂಖ್ಯೆ, ಗಣಿ... ಶಾಸ್ತ್ರ ಬೇರೆ ಬೇರೆ, ಆದರೆ ಶೀರ್ಷಿಕೆಯಲ್ಲಿ ಮತ್ತೆ ಮತ್ತೆ ಜೋಡಿಯಾಗಿ ಎರಡೇ ಹೆಸರು: ಹಂಬೋಲ್ಟ್ ಮತ್ತು ಬೋಂಪ್ಲಾನ್. ಹಂಬೋಲ್ಟ್ ಗೊತ್ತಿತ್ತು. ಶಾಲೆಯಲ್ಲಿ ಸಾಗರ ಪ್ರವಾಹಗಳ ಪಾಠದಲ್ಲಿ ಪೆರು ದೇಶದ ಪಕ್ಕ ಒಂದು ಬಾಣದ ಗುರುತಾಗಿ ನೋಡಿದ್ದೆ. ಬೋಂಪ್ಲಾನ್ ಯಾರು?

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಹುಟ್ಟಿದ್ದು 1769ರ ಸೆಪ್ಟೆಂಬರ್ 14ರಂದು, ಬರ್ಲಿನ್ನಿನಲ್ಲಿ. ತಂದೆ ಪ್ರಷ್ಯಾದ ಸೇನಾಧಿಕಾರಿ, ಆಸ್ಥಾನಿಕ. ಮಗನಿಗೆ ಒಂಬತ್ತು ವರ್ಷವಿರುವಾಗ ತೀರಿಕೊಂಡ. ತಾಯಿ ಹಣವಂತೆ, ಕಟ್ಟುನಿಟ್ಟು. ಎರಡು ವರ್ಷ ದೊಡ್ಡವನಾದ ಅಣ್ಣ ವಿಲ್ಹೆಲ್ಮ್ ಓದಿನಲ್ಲಿ ಚುರುಕು. ಮುಂದೆ ಬರ್ಲಿನ್ ವಿಶ್ವವಿದ್ಯಾಲಯ ಕಟ್ಟಿದವನು, ಸಂಸ್ಕೃತ ಕಲಿತು ಭಗವದ್ಗೀತೆಯ ಬಗ್ಗೆ ಬರ್ಲಿನ್ ಅಕಾಡೆಮಿಯಲ್ಲಿ ಉಪನ್ಯಾಸ ಕೊಟ್ಟವನೂ ಅವನೇ. ತಮ್ಮ ಜೇಬಿನಲ್ಲಿ ಹುಳ, ಕಲ್ಲು, ಗಿಡ ತುಂಬಿಕೊಂಡು ಮನೆಗೆ ಬರುತ್ತಿದ್ದ. ತಾಯಿಗೆ ಮಗ ಸರ್ಕಾರಿ ನೌಕರಿ ಹಿಡಿಯಬೇಕೆಂಬ ಆಸೆ. ಫ್ರೈಬರ್ಗ್‌ನ ಗಣಿ ಅಕಾಡೆಮಿಯಲ್ಲಿ ಓದಿ, 22ನೇ ವಯಸ್ಸಿಗೆ ಗಣಿ ಅಧಿಕಾರಿಯಾದ. ಕೆಲಸದಲ್ಲೂ ಸುಮ್ಮನೆ ಇರಲಿಲ್ಲ. ಗಣಿ ಕಾರ್ಮಿಕರಿಗಾಗಿ ಉಸಿರಾಟದ ಸಾಧನ, ಕೆಟ್ಟ ಗಾಳಿಯಲ್ಲೂ ಉರಿಯುವ ದೀಪ ಮಾಡಿದ. ಅವರಿಗಾಗಿ ಕೈಯಿಂದ ದುಡ್ಡು ಹಾಕಿ ಒಂದು ಶಾಲೆ ತೆರೆದ. 1796ರ ಕೊನೆಗೆ ತಾಯಿ ಸತ್ತಳು. ದೊಡ್ಡ ಮೊತ್ತ ಕೈಗೆ ಬಂತು. ನೌಕರಿಗೆ ರಾಜೀನಾಮೆ ಕೊಟ್ಟ. ನಮ್ಮ ಆಫೀಸಿನಲ್ಲಿ ಎಲ್ಲರೂ ಊಟದ ಹೊತ್ತಿಗೆ ಹೇಳುವ, ಯಾರೂ ಮಾಡದ ಕೆಲಸ.

ಬೋಂಪ್ಲಾನ್ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ, 1798ರಲ್ಲಿ. ಫ್ರೆಂಚ್ ವೈದ್ಯ, ಸಸ್ಯಗಳ ಹುಚ್ಚಿನವನು. ಇಬ್ಬರೂ ಸೇರಬೇಕೆಂದಿದ್ದ ಫ್ರೆಂಚ್ ಯಾನವೊಂದು ನಿಂತುಹೋಯಿತು. ಈಜಿಪ್ಟಿಗೆ ಹೋಗುವ ಯೋಜನೆಯೂ ಕೈಕೊಟ್ಟಿತು. ಕೊನೆಗೆ ಸ್ಪೇನಿಗೆ ಹೋಗಿ, ರಾಜ ನಾಲ್ಕನೆಯ ಕಾರ್ಲೋಸನಿಂದ ಅಮೆರಿಕದ ವಸಾಹತುಗಳಲ್ಲಿ ತಿರುಗಾಡಲು ಪಾಸ್‌ಪೋರ್ಟ್ ಪಡೆದರು. ಪರಕೀಯರಿಗೆ ಅಂಥ ಮುಕ್ತ ಅನುಮತಿ ಸಿಗುವುದು ಅಪರೂಪ. ಸ್ಪೇನಿಗೆ ಅವರು ಒಂದು ಕಾಸಿನ ಖರ್ಚೂ ಹಚ್ಚಲಿಲ್ಲ. ಎಲ್ಲವೂ ಹಂಬೋಲ್ಟನ ಪಿತ್ರಾರ್ಜಿತ. 1799ರ ಜೂನ್ 5ರಂದು ಲಾ ಕೊರೂನ್ಯಾ ಬಂದರು ಬಿಟ್ಟು, ಜುಲೈ 16ರಂದು ಇಂದಿನ ವೆನೆಜುವೆಲಾದ ಕುಮಾನಾ ತಲುಪಿದರು.

ಮುಂದಿನ ಐದು ವರ್ಷದ ಕಥೆ ಅನೇಕರು ಬರೆದಿದ್ದಾರೆ, ಸಿನಿಮಾದಂತಿದೆ. ನಾನು ಓಡಿಸಿಕೊಂಡು ಹೋಗುತ್ತೇನೆ. ಒರಿನೋಕೊ ನದಿಯಲ್ಲಿ ದೋಣಿಯ ಮೇಲೆ ತಿಂಗಳುಗಟ್ಟಲೆ, ಸೊಳ್ಳೆಗಳ ಮೋಡದೊಳಗೆ. ಒರಿನೋಕೊ ಮತ್ತು ಅಮೆಜಾನ್ ನದಿವ್ಯವಸ್ಥೆಗಳನ್ನು ಕಾಸಿಕ್ವಿಯಾರೆ ಎಂಬ ಕಾಲುವೆಯಂಥ ನದಿ ಜೋಡಿಸುತ್ತದೆ ಎಂಬುದನ್ನು ಅಳೆದು ಗುರುತಿಸಿದ್ದು. ವಿದ್ಯುತ್ ಮೀನುಗಳನ್ನು ಮುಟ್ಟಿ ಆಘಾತ ತಿಂದದ್ದು. ಕ್ಯೂಬಾ, ಬೊಗೊಟಾ, ಕೀಟೊ. 1802ರ ಜೂನ್ 23ರಂದು, ಆಗ ಜಗತ್ತಿನ ಅತಿ ಎತ್ತರದ ಶಿಖರ ಎಂದು ನಂಬಲಾಗಿದ್ದ ಚಿಂಬೊರಾಸೊ ಏರಿದರು. ತುದಿಗೆ ಮುಟ್ಟಲಿಲ್ಲ, ಒಂದು ಕಂದರ ಅಡ್ಡ ಬಂತು. ಅವನ ಲೆಕ್ಕದಂತೆ ಸುಮಾರು 5,900 ಮೀಟರ್. ಒಸಡಿನಿಂದ ರಕ್ತ, ಬಿರುಕುಬಿಟ್ಟ ಕಾಲು, ಅದರ ನಡುವೆಯೂ ವಾಯುಭಾರಮಾಪಕ ತೆಗೆದು ಅಳತೆ ಬರೆದುಕೊಳ್ಳುವುದು ನಿಲ್ಲಲಿಲ್ಲ. ಆಮೇಲೆ ಮೆಕ್ಸಿಕೊ, ಅಲ್ಲಿಂದ ಅಮೆರಿಕದ ಅಧ್ಯಕ್ಷ ಜೆಫರ್ಸನ್ನನ ಭೇಟಿ. 1804ರ ಆಗಸ್ಟಿನಲ್ಲಿ ಫ್ರಾನ್ಸಿನ ಬೋರ್ಡೋ ಬಂದರಿಗೆ ವಾಪಸ್, ಸುಮಾರು 60 ಸಾವಿರ ಒಣಗಿಸಿದ ಸಸ್ಯ ಮಾದರಿಗಳೊಂದಿಗೆ.

ನನ್ನಂಥವನಿಗೆ ಇಷ್ಟವಾದದ್ದು ಒಂದು ಸಣ್ಣ ವಿವರ. ಕ್ಯೂಬಾದಲ್ಲಿ ಅವರು ಸಂಗ್ರಹವನ್ನು ಪಾಲು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದರು; ಒಂದು ಪಾಲು ಹವಾನಾದಲ್ಲೇ ಉಳಿಯಿತು. ಯುರೋಪಿಗೆ ಒಂದು ಪಾಲನ್ನು ಒಯ್ಯುತ್ತಿದ್ದ ಪಾದ್ರಿಯ ಹಡಗು ಆಫ್ರಿಕಾದ ಹತ್ತಿರ ಮುಳುಗಿ, ಆತನೂ ಸತ್ತ, ಗಿಡಗಳೂ ಹೋದವು. ಬ್ಯಾಕಪ್ ಇಲ್ಲದಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ನಿಜವಾದ ಕಷ್ಟ ಶುರುವಾದದ್ದು ಊರಿಗೆ ಬಂದ ಮೇಲೆ. ಐದು ವರ್ಷ ಕೂಡಿಸಿದ ಡೇಟಾ ಪೆಟ್ಟಿಗೆಗಳಲ್ಲಿ ಬಿದ್ದಿದೆ. ನಕ್ಷತ್ರಗಳ ಸ್ಥಾನ, ಬೆಟ್ಟಗಳ ಎತ್ತರ, ಹೂಗಳು, ಮೀನುಗಳು, ಕೋತಿಗಳು, ಗಣಿಗಳ ಉತ್ಪಾದನೆ, ಗುಲಾಮರ ಸಂಖ್ಯೆ, ಅಜ್ಟೆಕ್ ಚಿತ್ರಲಿಪಿ. ಒಬ್ಬನ ಬುದ್ಧಿಗೆ ಇಷ್ಟೂ ದಕ್ಕುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಅವನು ಬರ್ಲಿನ್ನಿಗೆ ಹೋಗಿ ನೆಲೆಸದೆ ಪ್ಯಾರಿಸ್ಸಿನಲ್ಲಿ ಉಳಿದ. ಅಂದಿನ ಯುರೋಪಿನಲ್ಲಿ ಒಳ್ಳೆಯ ವಿಜ್ಞಾನಿಗಳೂ, ಒಳ್ಳೆಯ ಚಿತ್ರಕೆತ್ತನೆಗಾರರೂ, ಮುದ್ರಕರೂ ಒಂದೇ ಊರಿನಲ್ಲಿ ಸಿಗುತ್ತಿದ್ದದ್ದು ಅಲ್ಲಿ. 1806ರಲ್ಲಿ ನೆಪೋಲಿಯನ್ನನ ಸೇನೆ ಪ್ರಷ್ಯಾವನ್ನು ನೆಲಕಚ್ಚಿಸಿತು. ಹಂಬೋಲ್ಟ್ ಸ್ವಲ್ಪ ಕಾಲ ಬರ್ಲಿನ್ನಿನಲ್ಲಿದ್ದು, 1807ರ ಕೊನೆಗೆ ಮತ್ತೆ ಪ್ಯಾರಿಸ್ಸಿಗೇ ಹೊರಟ. ತನ್ನ ದೇಶವನ್ನು ಸೋಲಿಸಿದವರ ರಾಜಧಾನಿಯಲ್ಲಿ ಕೂತು, ಅವರ ಭಾಷೆಯಲ್ಲಿ ಬರೆದ. ಬರ್ಲಿನ್ನಿನವರು ದೇಶದ್ರೋಹಿ ಎಂದು ಮೂಗು ಮುರಿದರೆ, ಪ್ಯಾರಿಸ್ಸಿನ ಗುಪ್ತ ಪೊಲೀಸರು ಗೂಢಚಾರ ಎಂದು ಹಿಂದೆ ಬಿದ್ದರು. ಹೊರನಾಡಿನಲ್ಲಿ ಇರುವವರಿಗೆ ಈ ಎರಡು ಕಡೆಯ ಅನುಮಾನದ ಸಣ್ಣ ರುಚಿಯಾದರೂ ಗೊತ್ತಿರುತ್ತದೆ. 1814ರಲ್ಲಿ ಲೆಕ್ಕ ತಿರುವುಮುರುವಾಯಿತು. ಪ್ರಷ್ಯಾ ಸೇನೆ ಪ್ಯಾರಿಸ್ ಹೊಕ್ಕಿತು. ಅಲ್ಲಿನ ಸಸ್ಯೋದ್ಯಾನ ಮತ್ತು ವಸ್ತುಸಂಗ್ರಹಾಲಯದಲ್ಲಿ ಸೈನಿಕರು ಬೀಡುಬಿಡದಂತೆ ನೋಡಿಕೊಂಡವನು ಇದೇ ಹಂಬೋಲ್ಟ್.

ಅವನು ಕೂಡಿಸಿದ ತಂಡ ನೋಡಿ. ಖಗೋಳದ ಅಳತೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದವನು ಗಣಿತಜ್ಞ ಓಲ್ಟ್‌ಮನ್ಸ್. ಪ್ರಾಣಿಗಳಿಗೆ ಕ್ಯುವಿಯೇ, ಕೀಟಗಳಿಗೆ ಲಾತ್ರೇಯ್, ಮೀನು ಮತ್ತು ಚಿಪ್ಪುಗಳಿಗೆ ವಲೆನ್ಸಿಯೆನ್. ರಸಾಯನಶಾಸ್ತ್ರಕ್ಕೆ ಗೇ-ಲುಸಾಕ್. ಈ ಕೊನೆಯವನದು ಚೆನ್ನಾಗಿದೆ. ಹಂಬೋಲ್ಟ್ ಹಿಂದೆ ಗಾಳಿಯ ಸಂಯೋಜನೆ ಬಗ್ಗೆ ಮಾಡಿದ್ದ ಕೆಲಸವನ್ನು ಈ ಯುವಕ ಬರಹದಲ್ಲಿ ಕಟುವಾಗಿ ಟೀಕಿಸಿದ್ದ. ಪ್ಯಾರಿಸ್ಸಿಗೆ ಬಂದ ಹಂಬೋಲ್ಟ್ ಅವನನ್ನು ಹುಡುಕಿ, ಕೈ ಕುಲುಕಿ, ಜೊತೆಗೆ ಕೆಲಸ ಮಾಡೋಣ ಎಂದ. 1805ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ ನೀರಾಗಲು ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಸೇರುತ್ತದೆ ಎಂಬುದು ಖಚಿತವಾಯಿತು. ಆ ಶೋಧದ ಶ್ರೇಯಸ್ಸು ಮುಖ್ಯವಾಗಿ ಗೇ-ಲುಸಾಕನದೇ ಎಂದು ಹಂಬೋಲ್ಟ್ ಮುಂದೆ ಬರೆದ. ಕೋಡ್ ರಿವ್ಯೂನಲ್ಲಿ ಕಾಮೆಂಟ್ ಹಾಕಿದವನ ಜೊತೆ ಒಂದು ವಾರ ಕಾಫಿಗೆ ಹೋಗದ ನಮ್ಮಂಥವರಿಗೆ ಇದು ಸ್ವಲ್ಪ ಜಾಸ್ತಿಯೇ.

ಆದರೆ ಸಸ್ಯಗಳ ಭಾಗ ಮುಂದೆ ಸಾಗಲಿಲ್ಲ. ಅದು ಬೋಂಪ್ಲಾನನ ಪಾಲಿನದು. ಬಯಲಿನಲ್ಲಿ ದಣಿವರಿಯದ ಮನುಷ್ಯ, ಮೇಜಿನ ಮುಂದೆ ಕೂತರೆ ಪೆನ್ನು ಓಡುತ್ತಿರಲಿಲ್ಲ. ನೆಪೋಲಿಯನ್ನನ ಹೆಂಡತಿ ಜೋಸೆಫೀನಳ ಮಾಲ್ಮೆಜಾನ್ ತೋಟದ ಮೇಲ್ವಿಚಾರಣೆ ಅವನಿಗೆ ಸಿಕ್ಕಿತ್ತು, ಅಲ್ಲೇ ಮುಳುಗಿದ. ವರ್ಷಗಳು ಕಳೆದವು. ಹಂಬೋಲ್ಟ್ ಬೇಡಿಕೊಂಡ, ಗದರಿಸಿದ. ಕೊನೆಗೆ ತನ್ನ ಹಳೆಯ ಗುರು, ಬರ್ಲಿನ್ನಿನ ಸಸ್ಯಶಾಸ್ತ್ರಜ್ಞ ವಿಲ್ಡೆನೋವನನ್ನು ಕರೆಸಿಕೊಂಡ. ಆತ ಕಾಯಿಲೆ ಬಿದ್ದು 1812ರಲ್ಲಿ ತೀರಿಕೊಂಡ. ಆಮೇಲೆ ಬಂದವನು ತನ್ನ ಬಾಲ್ಯದ ಮೇಷ್ಟರ ಅಣ್ಣನ ಮಗನೋ ತಮ್ಮನ ಮಗನೋ ಆಗಬೇಕಾದ ಯುವಕ ಕುಂಟ್. ಇವನು ಕೂತ, ಏಳಲಿಲ್ಲ. 1815ರಿಂದ 1825ರವರೆಗೆ ಏಳು ದೊಡ್ಡ ಸಂಪುಟ, ಸುಮಾರು 4,500 ಸಸ್ಯ ಪ್ರಭೇದಗಳು. ಬಹುಪಾಲು ವಿಜ್ಞಾನಕ್ಕೆ ಹೊಸವು.

ಬರೆದವನು ಕುಂಟ್. ಖರ್ಚು ಹಂಬೋಲ್ಟನದು. ಬೋಂಪ್ಲಾನ್ ಅಷ್ಟರಲ್ಲಿ ಎಲ್ಲವನ್ನೂ ಬಿಟ್ಟು, 1816ರಲ್ಲಿ ದಕ್ಷಿಣ ಅಮೆರಿಕಕ್ಕೇ ಹೊರಟುಹೋಗಿದ್ದ. 1821ರಲ್ಲಿ ಪರಾಗ್ವೆಯ ಸರ್ವಾಧಿಕಾರಿ ಫ್ರಾನ್ಸಿಯಾ ಅವನನ್ನು ಹಿಡಿಸಿ ಅಲ್ಲೇ ಇಟ್ಟುಕೊಂಡ, ವರ್ಷಗಟ್ಟಲೆ. ಬಿಡಿಸಲು ಹಂಬೋಲ್ಟ್ ಪತ್ರದ ಮೇಲೆ ಪತ್ರ ಬರೆದ, ಬೊಲಿವಾರನೂ ಬರೆದ, ಆಗಲಿಲ್ಲ. ಅಷ್ಟು ವರ್ಷವೂ ಪ್ಯಾರಿಸ್ಸಿನಲ್ಲಿ ಸಂಪುಟಗಳು ಬರುತ್ತಲೇ ಇದ್ದವು. ಸಸ್ಯಗಳ ಪುಸ್ತಕದ ಮುಖಪುಟದಲ್ಲಿ ಬೋಂಪ್ಲಾನನ ಹೆಸರು ಇದೆ. ಕುಂಟನ ಹೆಸರೂ ಇದೆ. ಇಡೀ ಮಾಲಿಕೆಯೇ ಹಂಬೋಲ್ಟ್ ಮತ್ತು ಬೋಂಪ್ಲಾನರ ಪ್ರಯಾಣ ಎಂಬ ಹೆಸರಿನದು. ಬೋಂಪ್ಲಾನ್ ಒಂದು ಸಾಲೂ ಬರೆಯದ ಖಗೋಳ, ರಾಜಕೀಯ ಭಾಗಗಳೂ ಅದೇ ಛತ್ರಿಯ ಕೆಳಗೆ ಬಂದವು. ಅಳತೆ ಮಾಡುವಾಗ, ದೋಣಿ ಮಗುಚುವಾಗ, ಜ್ವರ ಬಂದಾಗ ಜೊತೆಗಿದ್ದವನು. ಕೆಲಸ ಬಿಟ್ಟು ಹೋದ ಎಂಬುದು ಹಂಬೋಲ್ಟನಿಗೆ ಕಾರಣವಾಗಿ ಕಾಣಲಿಲ್ಲ.

ಆ ಮುಖಪುಟದ ಸ್ಕ್ಯಾನ್ ಮುಂದೆ ನಾನು ಎಷ್ಟು ಹೊತ್ತು ಕೂತಿದ್ದೆನೋ. ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲೇ ಯುರೋಪಿನ ಸಂಪಾದಕರಿಗೆ ಒಂದು ಹೆಸರು ಬಿಟ್ಟುಹೋಗಿದೆ ಎಂದು ಮೇಲ್ ಕಳಿಸಿದೆ. ಧೈರ್ಯ ಅಂತೇನಿಲ್ಲ, ಇನ್ನರ್ಧ ಗಂಟೆ ತಡೆದಿದ್ದರೆ ಕಳಿಸುತ್ತಿರಲಿಲ್ಲ. ಹೆಸರು ಸೇರಿತು. ನಮ್ಮ ಮ್ಯಾನೇಜರ್ ಕೆಲವು ದಿನ ಮೀಟಿಂಗಿನಲ್ಲಿ ನನ್ನತ್ತ ನೋಡದೆ ಮಾತಾಡಿದರು. ಈ ವರ್ಷದ ಅಪ್ರೈಸಲ್ ಹೇಗಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಾಗಂತ ಹಂಬೋಲ್ಟನನ್ನು ದೇವರು ಮಾಡಬೇಕಾಗಿಲ್ಲ. ಕೀಟೊದಲ್ಲಿ ಅವನಿಗೆ ಕಾಲ್ಡಾಸ್ ಎಂಬ ಸ್ಥಳೀಯ ಯುವ ವಿಜ್ಞಾನಿ ಪರಿಚಯವಾಗಿದ್ದ. ಬೆಟ್ಟದ ಎತ್ತರಕ್ಕೆ ತಕ್ಕಂತೆ ಗಿಡಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಕಾಲ್ಡಾಸ್ ತನ್ನದೇ ರೀತಿಯಲ್ಲಿ ಅಧ್ಯಯನ ಮಾಡುತ್ತಿದ್ದ. ಜೊತೆಗೆ ಕರೆದುಕೊಂಡು ಹೋಗಿ ಎಂದು ಕೇಳಿಕೊಂಡ. ಹಂಬೋಲ್ಟ್ ಒಪ್ಪದೆ, ಅಲ್ಲಿನ ಶ್ರೀಮಂತ ಮನೆತನದ ಕಾರ್ಲೋಸ್ ಮೊಂಟೂಫರ್ ಎಂಬ ಹುಡುಗನನ್ನು ಕರೆದುಕೊಂಡ. 1807ರಲ್ಲಿ ಸಸ್ಯಗಳ ಭೂಗೋಳ ಎಂಬ ಪ್ರಸಿದ್ಧ ಪುಸ್ತಕ ಬಂದಾಗ, ಚಿಂಬೊರಾಸೊ ಬೆಟ್ಟವನ್ನು ಸೀಳಿ ಯಾವ ಎತ್ತರಕ್ಕೆ ಯಾವ ಗಿಡ ಎಂದು ತೋರಿಸಿದ ಆ ಸುಂದರ ಚಿತ್ರಪಟದ ಕೀರ್ತಿ ಇಡೀ ಯುರೋಪಿನಲ್ಲಿ ಹರಡಿತು. ಕಾಲ್ಡಾಸನ ಹೆಸರು ಅಷ್ಟು ದೂರ ಹೋಗಲಿಲ್ಲ. ಅವನನ್ನೂ, ಮೊಂಟೂಫರನನ್ನೂ 1816ರಲ್ಲಿ ಸ್ಪೇನಿನ ಸೇನೆ ಸ್ವಾತಂತ್ರ್ಯ ಹೋರಾಟಗಾರರೆಂದು ಗುಂಡಿಟ್ಟು ಕೊಂದಿತು. ಇನ್ನು ಒರಿನೋಕೊದ ದೋಣಿ ನಡೆಸಿದವರು, ಬೆಟ್ಟದ ಮೇಲೆ ಉಪಕರಣ ಹೊತ್ತವರು ಮುಖಪುಟಕ್ಕೆ ಬರಲಿಲ್ಲ. ಆ ಕಾಲದಲ್ಲಿ ಯಾರದೂ ಬರುತ್ತಿರಲಿಲ್ಲ ಎನ್ನಬಹುದು. ನಾನು ಹಾಗೆ ಹೇಳಿ ಸುಮ್ಮನಾಗಲಾರೆ.

ಸಂಪುಟಗಳು ಎಷ್ಟು ಎಂದರೆ ಬೈಂಡಿಂಗನ್ನು ಹೇಗೆ ಎಣಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ; 29 ಎನ್ನುವವರಿದ್ದಾರೆ, 30 ಎನ್ನುವವರೂ. 1,400ಕ್ಕೂ ಹೆಚ್ಚು ಕೆತ್ತನೆಯ ಚಿತ್ರಗಳು, ಹಲವು ಕೈಯಿಂದ ಬಣ್ಣ ತುಂಬಿದವು. 1805ರ ಸುಮಾರಿಗೆ ಶುರುವಾದದ್ದು 1830ರ ದಶಕದವರೆಗೆ ಎಳೆಯಿತು. ಪ್ರಕಾಶಕರು ದಿವಾಳಿಯಾದರು, ಬದಲಾದರು. ಬೆಲೆಯೋ, ಅರಮನೆಯ ಗ್ರಂಥಾಲಯಗಳು ಮಾತ್ರ ಕೊಳ್ಳುವಂಥದ್ದು. ಪ್ರಯಾಣಕ್ಕೆ ಆದದ್ದಕ್ಕಿಂತ ಹೆಚ್ಚು ಹಣ ಕಾಗದ ಮತ್ತು ತಾಮ್ರದ ತಗಡಿಗೆ ಹೋಯಿತು. ವಿಚಿತ್ರವೆಂದರೆ ಎಲ್ಲರೂ ಕಾಯುತ್ತಿದ್ದ ಪ್ರವಾಸ ಕಥನ ಮೂರು ಸಂಪುಟಕ್ಕೆ, 1801ರ ವಸಂತಕ್ಕೆ ನಿಂತುಬಿಟ್ಟಿತು. ಚಿಂಬೊರಾಸೊ ಅದರಲ್ಲಿ ಬರಲೇ ಇಲ್ಲ. ಅಷ್ಟಾದರೂ, ಅದರ ಇಂಗ್ಲಿಷ್ ಅನುವಾದವನ್ನು ಬೀಗಲ್ ಹಡಗಿನಲ್ಲಿ ಹಾಸಿಗೆಯ ಪಕ್ಕ ಇಟ್ಟುಕೊಂಡು ಹೋದ ಒಬ್ಬ ಯುವಕನಿದ್ದ. ಹೆಸರು ಡಾರ್ವಿನ್.

ಇಷ್ಟರ ನಡುವೆ ಅವನ ಮನಸ್ಸು ಇದ್ದದ್ದು ನಮ್ಮ ಕಡೆ. ಆಂಡಿಸ್ ನೋಡಿದವನು ಹಿಮಾಲಯ ನೋಡಿ ಹೋಲಿಸಬೇಕು. 1814, 1817, 1818ರಲ್ಲಿ ಲಂಡನ್ನಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಬಾಗಿಲು ತಟ್ಟಿದ. ಅನುಮತಿ ಸಿಗಲೇ ಇಲ್ಲ. ಸ್ಪ್ಯಾನಿಷ್ ವಸಾಹತುಗಳ ಆಡಳಿತ, ಗುಲಾಮಗಿರಿಗಳ ಬಗ್ಗೆ ಅವನು ಅಂಕಿಅಂಶ ಸಮೇತ ಬರೆದದ್ದನ್ನು ಕಂಪನಿಯವರೂ ಓದಿದ್ದರು, ಇಲ್ಲಿ ಬಂದರೆ ನಮ್ಮ ಬಗ್ಗೆಯೂ ಬರೆದಾನು ಎಂಬ ಅಂಜಿಕೆ ಇದ್ದಿರಬೇಕು ಎಂದು ಅವನ ಜೀವನಚರಿತ್ರೆ ಬರೆದವರು ಊಹಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಅವನು ಭಾರತಕ್ಕೆ ಬರಲಿಲ್ಲ. ಅವನ ಕೆಲಸ ಬಂತು, ಅದೂ ನಾನಿರುವ ಊರಿಗೆ.

1827ರಲ್ಲಿ ಹಣ ಮುಗಿದಿತ್ತು. ಪ್ರಷ್ಯಾದ ರಾಜ ಬರ್ಲಿನ್ನಿಗೆ ಬರಲೇಬೇಕು ಎಂದ. ಸಂಬಳ ಅವನದು, ಹೋಗಲೇಬೇಕಾಯಿತು. ಐವತ್ತೇಳರ ವಯಸ್ಸಿನಲ್ಲಿ, ಇಷ್ಟವಿಲ್ಲದೆ ಊರಿಗೆ ವರ್ಗಾವಣೆ. ಹಗಲು ಆಸ್ಥಾನದಲ್ಲಿ ರಾಜನಿಗೆ ಓದಿ ಹೇಳುವುದು, ರಾತ್ರಿ ತನ್ನ ಕೆಲಸ. ಆ ಚಳಿಗಾಲದಲ್ಲೇ ಉಚಿತ ಉಪನ್ಯಾಸ ಮಾಲಿಕೆ ಶುರುಮಾಡಿದ. ಹೆಂಗಸರು, ವಿದ್ಯಾರ್ಥಿಗಳು, ಕುಶಲಕರ್ಮಿಗಳು, ರಾಜಮನೆತನದವರು ಒಂದೇ ಸಭಾಂಗಣದಲ್ಲಿ ಕೂತು ಕೇಳಿದರು. 1828ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹಲವು ದೇಶಗಳ ನೂರಾರು ವಿಜ್ಞಾನಿಗಳ ಸಮ್ಮೇಳನ ನಡೆಸಿದ. ಅದಕ್ಕೆ ಬಂದ ಗಣಿತಜ್ಞ ಗೌಸ್ ಉಳಿದುಕೊಂಡದ್ದು ಹಂಬೋಲ್ಟನ ಮನೆಯಲ್ಲೇ. ಭೌತವಿಜ್ಞಾನಿ ವೆಬರ್ ಗೌಸನಿಗೆ ಪರಿಚಯವಾದದ್ದು ಆ ಸಮ್ಮೇಳನದಲ್ಲಿ.

ಭೂಮಿಯ ಕಾಂತತ್ವ ಹಂಬೋಲ್ಟನ ಹಳೆಯ ಗೀಳು. 1806-07ರಲ್ಲಿ ಓಲ್ಟ್‌ಮನ್ಸ್ ಜೊತೆ ಬರ್ಲಿನ್ನಿನ ತೋಟದ ಮನೆಯೊಂದರಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಕಾಂತಸೂಜಿಯ ದಿಕ್ಕನ್ನು ಸಾವಿರಾರು ಬಾರಿ ಬರೆದುಕೊಂಡಿದ್ದ. 1806ರ ಡಿಸೆಂಬರಿನ ಒಂದು ರಾತ್ರಿ ಆಕಾಶದಲ್ಲಿ ಧ್ರುವಪ್ರಭೆ ಕಂಡಿತು, ಅದೇ ಹೊತ್ತಿಗೆ ಸೂಜಿ ಹುಚ್ಚು ಹಿಡಿದಂತೆ ಕುಣಿಯಿತು. ಇದಕ್ಕೆ ಕಾಂತೀಯ ಬಿರುಗಾಳಿ ಎಂದು ಹೆಸರಿಟ್ಟವನು ಅವನೇ. ಆದರೆ ಇದು ಬರ್ಲಿನ್ನಿನ ಬಿರುಗಾಳಿಯೋ, ಇಡೀ ಭೂಮಿಯದೋ? ಒಂದೇ ಕಡೆ ಕೂತು ಎಷ್ಟು ಅಳೆದರೂ ಉತ್ತರ ಸಿಗುವ ಪ್ರಶ್ನೆಯಲ್ಲ ಇದು. ಹಲವು ಊರಿನಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ರೀತಿಯ ಉಪಕರಣದಿಂದ ಅಳೆಯಬೇಕು.

1828ರಲ್ಲಿ ಮೆಂಡೆಲ್‌ಸನ್ ಕುಟುಂಬದ ತೋಟದಲ್ಲಿ, ಸಂಗೀತಗಾರ ಫೆಲಿಕ್ಸ್ ಬೆಳೆದ ಮನೆಯದು, ಕಬ್ಬಿಣದ ಒಂದು ಮೊಳೆಯೂ ಇಲ್ಲದ ಗುಡಿಸಲು ಕಟ್ಟಿಸಿದ. ಅಲ್ಲಿಯೂ, ಪ್ಯಾರಿಸ್ಸಿನಲ್ಲಿ ಗೆಳೆಯ ಅರಾಗೊನ ಬಳಿಯೂ, ಫ್ರೈಬರ್ಗ್‌ನ ಗಣಿಯ ಆಳದಲ್ಲೂ ಏಕಕಾಲಕ್ಕೆ ಅಳತೆ ನಡೆಯಿತು. 1829ರಲ್ಲಿ ರಷ್ಯಾದ ಝಾರ್ ಖರ್ಚಿನಲ್ಲಿ ಉರಾಲ್, ಆಲ್ತಾಯಿ, ಚೀನಾದ ಗಡಿ, ಕ್ಯಾಸ್ಪಿಯನ್ ಸಮುದ್ರದವರೆಗೆ ಹೋದ. ಸಾವಿರಾರು ಮೈಲಿ, 12 ಸಾವಿರಕ್ಕೂ ಹೆಚ್ಚು ಅಂಚೆ ಕುದುರೆಗಳು ಬದಲಾದವು. ಅರವತ್ತನೆಯ ಹುಟ್ಟುಹಬ್ಬ ಉರಾಲ್‌ನಲ್ಲೇ ಕಳೆಯಿತು. ಜೀತದಾಳುಗಳ ಸ್ಥಿತಿಯ ಬಗ್ಗೆ ಮಾತಾಡುವುದಿಲ್ಲ ಎಂದು ಮೊದಲೇ ಮಾತು ಕೊಡಬೇಕಾಯಿತು, ಕೊಟ್ಟ. ಇದನ್ನು ಅವನ ಅಭಿಮಾನಿಗಳು ಬೇಗ ದಾಟಿಸುತ್ತಾರೆ. ಹಿಂತಿರುಗುವ ಮುನ್ನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ಉದ್ದಗಲಕ್ಕೂ ಹವಾಮಾನ ಮತ್ತು ಕಾಂತ ವೀಕ್ಷಣಾಲಯಗಳ ಸರಣಿ ಬೇಕೆಂದು ಕೇಳಿದ. ಮುಂದಿನ ವರ್ಷಗಳಲ್ಲಿ ಅದು ಅಲಾಸ್ಕಾದ ಸಿಟ್ಕಾ, ಚೀನಾದ ಪೀಕಿಂಗ್‌ವರೆಗೆ ಬೆಳೆಯಿತು.

ಇತ್ತ ಗಾಟಿಂಗನ್ನಿನಲ್ಲಿ ಗೌಸ್ ಮತ್ತು ವೆಬರ್ ಈ ಕೆಲಸವನ್ನು ಇನ್ನಷ್ಟು ಬಿಗಿಗೊಳಿಸಿದರು. ನಿಗದಿತ ದಿನಗಳಂದು 24 ಗಂಟೆ, ಐದು ನಿಮಿಷಕ್ಕೊಮ್ಮೆ, ಗಾಟಿಂಗನ್ ಗಡಿಯಾರದ ಸಮಯಕ್ಕೆ ಎಲ್ಲ ಊರುಗಳಲ್ಲೂ ಓದು. ಇಂದು ನಾವು ಸರ್ವರ್‌ಗಳ ಸಮಯವನ್ನೆಲ್ಲ ಒಂದೇ ವಲಯಕ್ಕೆ ಕಟ್ಟುವುದಕ್ಕೆ ಜಗಳಾಡುತ್ತೇವಲ್ಲ, ಅದೇ. ಫಲಿತಾಂಶಗಳನ್ನು ಇಬ್ಬರೂ ವರ್ಷಕ್ಕೊಂದರಂತೆ ಆರು ಸಂಪುಟವಾಗಿ ಪ್ರಕಟಿಸಿದರು. ಹಲವು ದೇಶಗಳ ವೀಕ್ಷಕರ ಅಂಕಿಗಳು ಒಂದೇ ಹಾಳೆಯ ಮೇಲೆ, ಒಂದರ ಕೆಳಗೊಂದು ಗೆರೆಯಾಗಿ ಬಂದವು. ಒಂದು ಊರಲ್ಲಿ ಗೆರೆ ಜಿಗಿದ ಕ್ಷಣಕ್ಕೇ ಇನ್ನೊಂದು ಊರಲ್ಲೂ ಜಿಗಿದಿತ್ತು.

ಸಮುದ್ರದಾಚೆ ಏನು ಎಂಬುದು ಉಳಿಯಿತು. ಆಚೆ ಇದ್ದದ್ದೆಲ್ಲ ಬ್ರಿಟಿಷರದು. 1836ರ ಏಪ್ರಿಲ್‌ನಲ್ಲಿ ಹಂಬೋಲ್ಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸಸೆಕ್ಸ್ ಡ್ಯೂಕನಿಗೆ ಒಂದು ದೀರ್ಘ ಪತ್ರ ಬರೆದು, ನಿಮ್ಮ ವಸಾಹತುಗಳಲ್ಲಿ ವೀಕ್ಷಣಾಲಯಗಳನ್ನು ತೆರೆಯಿರಿ ಎಂದು ಕೇಳಿದ. ಬ್ರಿಟಿಷ್ ವಿಜ್ಞಾನಿಗಳೂ ಅದೇ ಒತ್ತಾಯದಲ್ಲಿದ್ದರು. ಸರ್ಕಾರ ಒಪ್ಪಿತು. ಇಪ್ಪತ್ತು ವರ್ಷ ಹಿಂದೆ ಅವನಿಗೆ ಬಾಗಿಲು ತೆರೆಯದ ಈಸ್ಟ್ ಇಂಡಿಯಾ ಕಂಪನಿಯೂ ಒಪ್ಪಿ ಮದ್ರಾಸ್, ಬೊಂಬಾಯಿ, ಸಿಮ್ಲಾ, ಸಿಂಗಪುರಗಳನ್ನು ಆರಿಸಿತು. ಬೊಂಬಾಯಿಯ ಕೊಲಾಬಾದಲ್ಲಿ 1826ರಿಂದಲೇ ಒಂದು ವೀಕ್ಷಣಾಲಯ ಇತ್ತು. 1841ರಲ್ಲಿ ಅಲ್ಲಿ ಕಾಂತತ್ವದ ಅಳತೆ ಶುರುವಾಯಿತು. ಸಿಮ್ಲಾ ಬೇಗ ಮುಚ್ಚಿತು. ಕೊಲಾಬಾ ನಿಲ್ಲಲಿಲ್ಲ.

ಬರ್ಲಿನ್ನಿನಲ್ಲಿ ಮುದುಕ ಕಾಸ್ಮೋಸ್ ಬರೆಯುತ್ತಿದ್ದ. ನಕ್ಷತ್ರದಿಂದ ಹಾವಸೆಯವರೆಗೆ ಗೊತ್ತಿರುವುದೆಲ್ಲ ಒಂದೇ ಪುಸ್ತಕದಲ್ಲಿ. ಮೊದಲ ಸಂಪುಟ 1845ರಲ್ಲಿ, ಅವನಿಗೆ 75 ದಾಟಿದಾಗ. ಇದನ್ನೂ ಒಬ್ಬನೇ ಬರೆದದ್ದಲ್ಲ ಎಂದರೆ ತಪ್ಪಾಗದು. ಕರಡು ಹಾಳೆಗಳನ್ನು ಯುರೋಪಿನ ಮೂಲೆ ಮೂಲೆಯ ತಜ್ಞರಿಗೆ ಕಳಿಸಿ ತಿದ್ದಿಸಿಕೊಳ್ಳುತ್ತಿದ್ದ. ಪ್ರಶ್ನೆ ಕೇಳಿ ಪತ್ರ, ಉತ್ತರ ಬಂದ ಪತ್ರ ಹರಿದು ವಿಷಯವಾರು ಪೆಟ್ಟಿಗೆಗೆ. ಅಡಿಟಿಪ್ಪಣಿಗಳಲ್ಲಿ ಯಾರಿಂದ ಏನು ಬಂತು ಎಂಬ ಲೆಕ್ಕ ಕೊಡುತ್ತ ಹೋದ. ಶ್ವಾಬೆ ಎಂಬ ಔಷಧಿ ಅಂಗಡಿಯವನು ವರ್ಷಗಟ್ಟಲೆ ಸೂರ್ಯನ ಕಲೆಗಳನ್ನು ಎಣಿಸಿ, ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ ಎಂದು 1844ರಲ್ಲಿ ಪ್ರಕಟಿಸಿದ್ದ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅವನ ಕೋಷ್ಟಕವನ್ನು ಹಂಬೋಲ್ಟ್ ಕಾಸ್ಮೋಸ್‌ನ ಮೂರನೆಯ ಸಂಪುಟಕ್ಕೆ ಹಾಕಿದ. 1852ರಲ್ಲಿ ಬ್ರಿಟನ್ನಿನ ಸೇಬಿನ್, ವಸಾಹತು ವೀಕ್ಷಣಾಲಯಗಳ ಅಂಕಿಗಳಲ್ಲಿ ಕಾಂತೀಯ ಬಿರುಗಾಳಿಗಳ ಏರಿಳಿತವನ್ನು ಆ ಕೋಷ್ಟಕದ ಪಕ್ಕ ಇಟ್ಟು ನೋಡಿದ. ಎರಡೂ ಜೊತೆಜೊತೆಗೆ ಹೋಗುತ್ತಿದ್ದವು. ಸೂರ್ಯನಿಗೂ ಸೂಜಿಗೂ ಸಂಬಂಧವಿತ್ತು.

ಮುಪ್ಪಿನಲ್ಲಿ ಅವನಿಗೆ ವರ್ಷಕ್ಕೆ ಸಾವಿರಾರು ಪತ್ರ ಬರುತ್ತಿದ್ದವು. ಬರ್ಲಿನ್ನಿನ ಬಾಡಿಗೆ ಮನೆ ಮಾರಾಟವಾಗುವ ಹೊತ್ತಿಗೆ ಮೆಂಡೆಲ್‌ಸನ್ ಬ್ಯಾಂಕಿನವರೇ ಅದನ್ನು ಕೊಂಡು ಅವನನ್ನು ಅಲ್ಲೇ ಇರಿಸಿದರು. ಅದೇ ಬ್ಯಾಂಕಿನಲ್ಲಿ ಅವನ ಸಾಲವಿತ್ತು. ಮದುವೆಯಾಗಿರಲಿಲ್ಲ. ಮನೆಯ ಸಾಮಾನುಗಳನ್ನೆಲ್ಲ ಸೇವಕ ಜೈಫರ್ಟ್‌ಗೆ ಬರೆದುಕೊಟ್ಟಿದ್ದ. ಕ್ಯೂಬಾದ ಪುಸ್ತಕವನ್ನು 1856ರಲ್ಲಿ ಅಮೆರಿಕದವನೊಬ್ಬ ಇಂಗ್ಲಿಷಿಗೆ ತರುವಾಗ ಗುಲಾಮಗಿರಿಯನ್ನು ಖಂಡಿಸಿದ ಅಧ್ಯಾಯವನ್ನೇ ಕಿತ್ತುಹಾಕಿದ. 86ರ ಮುದುಕ ಪತ್ರಿಕೆಗಳಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ. ಮರುವರ್ಷ ಪ್ರಷ್ಯಾ ನೆಲಕ್ಕೆ ಕಾಲಿಟ್ಟ ಗುಲಾಮ ಸ್ವತಂತ್ರ ಎಂಬ ಕಾನೂನು ಬರುವುದರಲ್ಲಿ ಅವನ ಕೈಯಿತ್ತು. ಅವನ ಬೆಂಬಲದಿಂದ ಶ್ಲಾಗಿಂಟ್‌ವೈಟ್ ಸಹೋದರರು ಮೂವರು 1854ರಲ್ಲಿ ಬೊಂಬಾಯಿಗೆ ಬಂದಿಳಿದರು, ಕಾಂತತ್ವದ ಸಮೀಕ್ಷೆಗೆ. ಅವನು ನೋಡಬೇಕೆಂದಿದ್ದ ಹಿಮಾಲಯವನ್ನು ಅವರು ನೋಡಿದರು; ಅವರಲ್ಲಿ ಅಡೋಲ್ಫ್ 1857ರಲ್ಲಿ ಕಾಶ್ಗರ್‌ನಲ್ಲಿ ಕೊಲೆಯಾದ. ಬೋಂಪ್ಲಾನ್ 1858ರಲ್ಲಿ ಅರ್ಜೆಂಟೀನಾದಲ್ಲಿ ತೀರಿಕೊಂಡ. 1816ರಲ್ಲಿ ಹೋದವನು ಯುರೋಪಿಗೆ ಮರಳಿರಲಿಲ್ಲ. ಹಂಬೋಲ್ಟ್ 1859ರ ಮೇ 6ರಂದು, ಕಾಸ್ಮೋಸ್‌ನ ಐದನೆಯ ಸಂಪುಟ ಅರ್ಧಕ್ಕೆ ನಿಂತಿರುವಾಗ.

ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಒಂದು ಬಿಳಿಯ ಸ್ಫೋಟ ಕಂಡ. ಮರುದಿನ ಭೂಮಿಗೆ ಬಡಿದದ್ದು ದಾಖಲಾದ ಕಾಂತೀಯ ಬಿರುಗಾಳಿಗಳಲ್ಲಿ ಅತಿ ದೊಡ್ಡವುಗಳ ಸಾಲಿನದು. ಹಲವು ಕಡೆ ಉಪಕರಣಗಳ ಗೆರೆ ಹಾಳೆಯಿಂದಾಚೆ ಹೋಯಿತು. ಬೊಂಬಾಯಿಯ ಕೊಲಾಬಾದಲ್ಲಿ ಆ ಹೊತ್ತು ಹಗಲು. ವೀಕ್ಷಕರು ಕಣ್ಣಿಂದ ನೋಡಿ ಕೈಯಿಂದ ಬರೆದುಕೊಳ್ಳುತ್ತಿದ್ದರು, ಬರೆಯುವುದನ್ನು ಬಿಡಲಿಲ್ಲ. ಸುಮಾರು 1,600 ನ್ಯಾನೋಟೆಸ್ಲಾ ಕುಸಿತ. 2003ರಲ್ಲಿ ಅಮೆರಿಕ, ಬ್ರೆಜಿಲ್ ಮತ್ತು ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು ಸೇರಿ ಆ ಬಿರುಗಾಳಿಯ ತೀವ್ರತೆಯನ್ನು ಅಂದಾಜು ಮಾಡಿದಾಗ ಆಧಾರವಾದದ್ದು ಆ ಕೈಬರಹದ ಕೋಷ್ಟಕ. ಇಂದು ಅಂಥದ್ದು ಬಂದರೆ ವಿದ್ಯುತ್ ಜಾಲ, ಉಪಗ್ರಹಗಳಿಗೆ ಏನಾಗಬಹುದು ಎಂದು ಲೆಕ್ಕ ಹಾಕುವವರು ಈಗಲೂ ಅದನ್ನೇ ತೆರೆಯುತ್ತಾರೆ.

ಬೊಂಬಾಯಿಗೆ ವಿದ್ಯುತ್ ಟ್ರಾಂ ಬರುತ್ತದೆ ಎಂದಾಗ, ಸೂಜಿಗೆ ತೊಂದರೆಯಾಗುತ್ತದೆಂದು 1904ರಲ್ಲಿ ಈ ಕೆಲಸವನ್ನು ಅಲಿಬಾಗಿಗೆ ಒಯ್ದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ಗೆರೆಗೂ ಹೊಸ ಗೆರೆಗೂ ಕೊಂಡಿ ಹಾಕಿಯೇ ಕೊಲಾಬಾದ ಅಳತೆ ನಿಲ್ಲಿಸಿದರು. ಹಳೆಯ ಸಿಸ್ಟಂನಿಂದ ಹೊಸದಕ್ಕೆ ಹೋಗುವುದು ಹೀಗೆ ಎಂದು ನಮ್ಮ ಟೀಮಿಗೆ ತೋರಿಸಬೇಕು.

ದೀಪಾವಳಿ ರಜೆಯಲ್ಲಿ ಖಾರ್ಘರ್‌ನಿಂದ ಹೆಂಡತಿ, ಮಗಳ ಜೊತೆ ಕಾರಿನಲ್ಲಿ ಅಲಿಬಾಗಿಗೆ ಹೋದೆ. ಪೇಣ್ ದಾಟಿದ ಮೇಲಿನ ಗುಂಡಿಗಳ ಬಗ್ಗೆ ಬರೆದರೆ ಇನ್ನೊಂದು ಅಂಕಣವಾದೀತು. ಎಲ್ಲರೂ ಸಮುದ್ರದ ಕಡೆ ನಡೆಯುತ್ತಿದ್ದರು. ನಾವು ವೀಕ್ಷಣಾಲಯದ ಗೇಟಿನ ಹೊರಗೆ ನಿಂತೆವು. ಕಾಂತ ಗುಣವಿಲ್ಲದ ಕಲ್ಲನ್ನೇ ಆರಿಸಿ ಕಟ್ಟಿದ ಕಟ್ಟಡ ಒಳಗಿದೆ ಎಂದು ಮಗಳಿಗೆ ಹೇಳಿದೆ. ಒಂದು ಮೊಳೆಯೂ ಇಲ್ಲವಾ ಎಂದು ಕೇಳಿ, ನನ್ನ ಫೋನ್ ತೆಗೆದುಕೊಂಡು ದಿಕ್ಸೂಚಿ ಆ್ಯಪ್ ತೆರೆದು ಗೇಟಿನ ಕಬ್ಬಿಣದ ಸರಳಿಗೆ ಹತ್ತಿರ ಹಿಡಿದಳು. ಸೂಜಿ ತಿರುಗಿತು. ದೂರ ಒಯ್ದಳು, ಮತ್ತೆ ಉತ್ತರಕ್ಕೆ ಬಂತು. ಇದನ್ನೇ ಹತ್ತು ಸಲ ಮಾಡಿದಳು. ಅಷ್ಟರಲ್ಲಿ ಫೋನಿಗೆ ಒಂದು ಮೆಸೇಜ್ ಬಂತು. ಆ ಹುಡುಗನದು, ವರದಿಯ ಮೊದಲ ಪುಟದ ಫೋಟೊ. ಕೆಳಗೆ ಏನೂ ಬರೆದಿರಲಿಲ್ಲ. ಮಗಳು ಅದನ್ನು ಪಕ್ಕಕ್ಕೆ ಸರಿಸಿ, ದಿಕ್ಸೂಚಿಯನ್ನು ಮತ್ತೆ ಸರಳಿನ ಹತ್ತಿರ ಹಿಡಿದಳು.